ಆರು ಕುಟುಂಬ, ಎರಡು ರಾತ್ರಿ: ಕ್ಯಾಲಿಫೋರ್ನಿಯಾದ ಬೇಸಿಗೆ ಕ್ಯಾಂಪಿಂಗ್‌ಗೆ ಯಾವ ಜಾಗ?

ಜನವರಿ ಕಳೆಯುತ್ತಿದ್ದಂತೆ ನಮ್ಮ ಗೆಳೆಯರ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬಂದೇ ಬರುತ್ತದೆ. ನೀಲಿ ಸರೋವರ, ಆಚೆ ದಡದಲ್ಲಿ ಇನ್ನೂ ಹಿಮ ಉಳಿದಿರುವ ಬೆಟ್ಟ, ಈಚೆ ಒಂದು ಕಿತ್ತಳೆ ಬಣ್ಣದ ಟೆಂಟ್. ಕೆಳಗೆ ‘ಈ ಬೇಸಿಗೆಗೆ ಇಲ್ಲಿಗೆ ಹೋಗೋಣವೇ?’ ಎಂಬ ಸಾಲು. ಐದು ನಿಮಿಷದಲ್ಲಿ ಹನ್ನೆರಡು ಹೆಬ್ಬೆರಳುಗಳು ಮೇಲೇಳುತ್ತವೆ. ಆ ಫೋಟೋ ತೆಗೆದದ್ದು ಹಗಲು ಹನ್ನೊಂದಕ್ಕೆ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ.

ಕ್ಯಾಂಪಿಂಗ್ ಕೆಡುವುದು ರಾತ್ರಿ. ಹಗಲಿನಲ್ಲಿ ಈ ರಾಜ್ಯದ ಯಾವ ಕಾಡಾದರೂ ಚೆಂದವೇ. ಚಳಿ, ಶೌಚಾಲಯದ ದೂರ, ಕಲ್ಲು ಚುಚ್ಚುವ ನೆಲ, ಅಳುವ ಕೂಸು, ಕರಡಿಯ ಭಯ ಇವೆಲ್ಲ ಕತ್ತಲಾದ ಮೇಲೆ ಏಳುವ ಸಂಗತಿಗಳು. ಹಾಗಾಗಿ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಆರು ಕುಟುಂಬಗಳ ಲೆಕ್ಕ ಇಟ್ಟುಕೊಂಡು, ರಾತ್ರಿಯ ಕಡೆಯಿಂದಲೇ ಆಯ್ಕೆಗಳನ್ನು ತೂಗಿ ನೋಡುತ್ತೇನೆ. ಒಟ್ಟು ಇಪ್ಪತ್ತೆರಡು ಜನ. ಅವರಲ್ಲಿ ಊರಿನಿಂದ ಬಂದ ಇಬ್ಬರು ಹಿರಿಯರು, ಡಯಾಪರ್ ಬಿಡದ ಒಂದು ಕೂಸು, ಟೆಂಟನ್ನು ಜೀವಮಾನದಲ್ಲೇ ಕಟ್ಟದ ಎರಡು ಜೋಡಿಗಳು ಸೇರಿದ್ದಾರೆ.

ನನಗೆ ಈ ಬುದ್ಧಿ ಬಂದದ್ದು ಪೆಟ್ಟು ತಿಂದ ಮೇಲೆ. ಮೊದಲ ವರ್ಷ ಜುಲೈ ಆರಂಭದಲ್ಲಿ ಯೊಸೆಮಿಟಿ ನ್ಯಾಷನಲ್ ಪಾರ್ಕಿನ ಟುವಾಲಮಿ ಮೆಡೋಸ್‌ಗೆ ಹೋದೆವು. ಅದು ಸುಮಾರು 8,600 ಅಡಿ ಎತ್ತರದ ಹುಲ್ಲುಗಾವಲು. ಮನೆ ಬಿಡುವಾಗ ಬಿಸಿಲು ಸುಡುತ್ತಿದ್ದುದರಿಂದ ತೆಳ್ಳನೆಯ ಸ್ಲೀಪಿಂಗ್ ಬ್ಯಾಗುಗಳನ್ನೇ ತುಂಬಿಕೊಂಡಿದ್ದೆವು. ಸಂಜೆ ಸೊಳ್ಳೆಗಳು ಮುತ್ತಿದವು, ಒಲೆಯ ಮೇಲಿನ ಅನ್ನ ಬೇಯಲೇ ಇಲ್ಲ, ಬೆಳಗಿನ ಜಾವ ಟೆಂಟಿನ ಮೇಲೆ ಇಬ್ಬನಿ ಗಟ್ಟಿಯಾಗಿತ್ತು. ನಮ್ಮ ಅತ್ತೆಯವರು ಮಧ್ಯರಾತ್ರಿಯಿಂದ ಕಾರಿನೊಳಗೆ ಶಾಲು ಹೊದ್ದು ಕುಳಿತಿದ್ದವರು ಬೆಳಗ್ಗೆ ಒಂದೇ ಮಾತು ಕೇಳಿದರು: ‘ಮನೆ ಇರುವವರು ಹೀಗೇಕೆ ಮಲಗಬೇಕು?’ ಉತ್ತರ ಕೊಡಲು ನನಗೆ ಮೂರು ವರ್ಷ ಬೇಕಾಯಿತು.

ಮಲಗುವ ವ್ಯವಸ್ಥೆ: ನಾಲ್ಕು ದಾರಿ

ಗುಂಪಿಗೆಂದೇ ಬಿಟ್ಟಿರುವ ಗ್ರೂಪ್ ಸೈಟ್ (ಸೈಟ್ ಎಂದರೆ ಟೆಂಟ್ ಹಾಕಲು ಗುರುತಿಸಿದ ಜಾಗ) ಒಂದು ದಾರಿ. ಒಬ್ಬರೇ ಬುಕ್ ಮಾಡಿದರೆ ಸಾಕು, ಇಡೀ ಬಯಲು ನಿಮ್ಮದು. ಉದ್ದನೆಯ ಮೇಜುಗಳು, ದೊಡ್ಡ ಬೆಂಕಿಗುಂಡಿ ಇರುತ್ತವೆ, ಸಾಮಾನ್ಯವಾಗಿ ಇತರ ಸೈಟುಗಳಿಂದ ಸ್ವಲ್ಪ ದೂರವೂ ಇರುತ್ತದೆ. ಯೊಸೆಮಿಟಿಯ ವವೋನಾ, ಹಾಜ್ಡನ್ ಮೆಡೋ ಮುಂತಾದ ಕಡೆಗಳ ಗ್ರೂಪ್ ಸೈಟುಗಳು 13ರಿಂದ 30 ಜನರಿಗೆ. ನಮ್ಮ ಇಪ್ಪತ್ತೆರಡು ಅಲ್ಲಿಗೆ ಅಳತೆ ಮಾಡಿ ಹೊಲಿಸಿದಂತಿದೆ. ತೊಂದರೆ ಎರಡು. ಇಂಥ ಸೈಟುಗಳು ಬಹಳ ಕಡಿಮೆ. ಮತ್ತೆ, ವಾಹನ ನಿಲ್ಲಿಸುವ ಜಾಗ ಸೀಮಿತ. ಆರು ಕುಟುಂಬ ಆರು ಕಾರಿನಲ್ಲಿ ಬಂದರೆ ಕೊನೆಯವರು ಎಲ್ಲೋ ನಿಲ್ಲಿಸಿ ಕೂಲರ್ ಹೊತ್ತುಕೊಂಡು ನಡೆಯಬೇಕಾಗುತ್ತದೆ. ಎಷ್ಟು ವಾಹನಕ್ಕೆ ಅವಕಾಶ ಎಂಬುದನ್ನು ಬುಕ್ ಮಾಡುವ ಮೊದಲೇ ಓದಿಕೊಳ್ಳಿ.

ಗ್ರೂಪ್ ಸೈಟ್ ಸಿಗದಿದ್ದರೆ ಜನ ಮಾಡುವುದು ಅಕ್ಕಪಕ್ಕದ ಸಾಮಾನ್ಯ ಸೈಟುಗಳನ್ನು ಹಿಡಿಯುವುದು. ಇಲ್ಲಿ ತಲೆ ಎಣಿಕೆ ಮುಖ್ಯ. ಯೊಸೆಮಿಟಿಯಲ್ಲಿ ಒಂದು ಸೈಟಿಗೆ ಮಕ್ಕಳೂ ಸೇರಿ ಆರೇ ಜನ, ರಾಜ್ಯದ ಸ್ಟೇಟ್ ಪಾರ್ಕುಗಳಲ್ಲಿ ಸಾಮಾನ್ಯವಾಗಿ ಎಂಟು. ಅಂದರೆ ಒಂದು ಕಡೆ ನಾಲ್ಕು ಸೈಟು, ಇನ್ನೊಂದು ಕಡೆ ಮೂರು. ಕೂಸನ್ನೂ ಎಣಿಸುತ್ತಾರೆಯೇ ಎಂದು ಕೇಳಬೇಡಿ, ಎಣಿಸುತ್ತಾರೆ. ನಾಲ್ಕು ಸೈಟುಗಳು ಪಕ್ಕಪಕ್ಕದಲ್ಲೇ ಸಿಗುವುದು ಅದೃಷ್ಟ. ಎರಡು ಈ ತುದಿಯಲ್ಲಿ, ಎರಡು ಆ ತುದಿಯಲ್ಲಿ ಸಿಕ್ಕಿದರೆ ಅದು ಗುಂಪಿನ ಕ್ಯಾಂಪಿಂಗ್ ಅಲ್ಲ, ಒಂದೇ ಬೀದಿಯಲ್ಲಿ ಬಾಡಿಗೆಗೆ ಇದ್ದಂತೆ. ಆದರೂ ಇದರಲ್ಲಿ ಒಂದು ಸುಖವಿದೆ, ಅದನ್ನು ನಾನು ತಡವಾಗಿ ಕಂಡುಕೊಂಡೆ. ಬೇಗ ಮಲಗುವವರನ್ನೂ ರಾತ್ರಿ ಒಂದರವರೆಗೆ ರಾಜಕೀಯ ಮಾತನಾಡುವವರನ್ನೂ ಬೇರೆಬೇರೆ ಸೈಟುಗಳಿಗೆ ಹಂಚಬಹುದು. ಕೂಸಿರುವ ಮನೆಯವರಿಗೆ ಶೌಚಾಲಯದ ಪಕ್ಕದ ಸೈಟನ್ನು ಬಿಟ್ಟುಕೊಡಬಹುದು. ಗ್ರೂಪ್ ಸೈಟಿನಲ್ಲಿ ಒಬ್ಬರ ಗೊರಕೆ ಇಪ್ಪತ್ತೊಂದು ಜನರ ಪಾಲಿಗೆ.

ಮೂರನೆಯದು ಖಾಸಗಿ ಕ್ಯಾಂಪ್‌ಗ್ರೌಂಡಿನ ಕ್ಯಾಬಿನ್. 1962ರಲ್ಲಿ ಮೊಂಟಾನಾದ ಬಿಲ್ಲಿಂಗ್ಸ್‌ನಲ್ಲಿ ಶುರುವಾದ ಕೆಒಎ ಎಂಬ ಕ್ಯಾಂಪ್‌ಗ್ರೌಂಡ್ ಸರಣಿ ಈ ಬಗೆಯಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು. ಅಂಥವು ಇನ್ನೂ ಅನೇಕ ಇವೆ. ಮರದ ಗೋಡೆ, ಬಂಕ್ ಮಂಚ, ವಿದ್ಯುತ್ ದೀಪ, ಹತ್ತಿರದಲ್ಲಿ ಬಿಸಿನೀರಿನ ಸ್ನಾನ. ಹಾಸಿಗೆ ಇದ್ದರೂ ಹಾಸು-ಹೊದಿಕೆ ನೀವೇ ಒಯ್ಯಬೇಕಾದ ಕ್ಯಾಬಿನ್‌ಗಳೇ ಹೆಚ್ಚು, ಒಳಗೆ ಬಚ್ಚಲು ಇಲ್ಲದವೂ ಬೇಕಾದಷ್ಟಿವೆ. ‘ಕ್ಯಾಬಿನ್’ ಎಂದ ಕೂಡಲೇ ಹೋಟೆಲ್ ಕೋಣೆಯನ್ನು ಕಲ್ಪಿಸಿಕೊಳ್ಳಬೇಡಿ. ಖರ್ಚು ಟೆಂಟ್ ಸೈಟಿಗಿಂತ ಬಹಳ ಹೆಚ್ಚು. ಇಂಥ ಜಾಗಗಳು ಹೆದ್ದಾರಿಗೆ ಹತ್ತಿರ ಇರುವುದೂ ಉಂಟು, ಆಗ ರಾತ್ರಿಯೆಲ್ಲ ಟ್ರಕ್ಕುಗಳ ಜೋಗುಳ. ಅಪ್ಪಟ ಕ್ಯಾಂಪಿಂಗ್ ಪ್ರಿಯರು ಇದನ್ನು ಕಂಡರೆ ಮೂಗು ಮುರಿಯುತ್ತಾರೆ. ನಾನೂ ಮುರಿಯುತ್ತಿದ್ದೆ, ಅತ್ತೆಯವರ ಪ್ರಶ್ನೆ ಕೇಳುವವರೆಗೆ.

ನಾಲ್ಕನೆಯದು ನ್ಯಾಷನಲ್ ಫಾರೆಸ್ಟಿನ ಬಯಲಿನಲ್ಲಿ, ಯಾವ ಸೌಕರ್ಯವೂ ಇಲ್ಲದೆ ಇಳಿದುಕೊಳ್ಳುವುದು. ಸ್ಟ್ಯಾನಿಸ್ಲಾಸ್, ಎಲ್ಡೊರಾಡೊ, ಟಾಹೋ ಕಾಡುಗಳಲ್ಲಿ ಇದಕ್ಕೆ ಅವಕಾಶವಿದೆ. ಶುಲ್ಕವಿಲ್ಲ, ಬುಕಿಂಗ್ ಇಲ್ಲ, ಪಕ್ಕದ ಸೈಟಿನವರೂ ಇಲ್ಲ. ಗುಂಪಿನಲ್ಲಿ ಪ್ರತಿ ಸಲ ಒಬ್ಬ ಉತ್ಸಾಹಿ ಇದನ್ನೇ ಸೂಚಿಸುತ್ತಾನೆ. ಅವನಿಗೆ ನಾನು ಒಂದು ಗುಣಾಕಾರ ಮಾಡಿ ತೋರಿಸುತ್ತೇನೆ. ಶೌಚಾಲಯ ಇಲ್ಲದ ಕಡೆ ನೀರಿನಿಂದ 200 ಅಡಿ ದೂರ ಹೋಗಿ, ಆರರಿಂದ ಎಂಟು ಅಂಗುಲ ಆಳದ ಗುಂಡಿ ತೋಡಿ, ಕೆಲಸ ಮುಗಿಸಿ ಮುಚ್ಚಬೇಕು. ಕೂಸನ್ನು ಬಿಟ್ಟು ಇಪ್ಪತ್ತೊಂದು ಜನ, ಎರಡು ಬೆಳಗು, ನಲವತ್ತೆರಡು ಗುಂಡಿ. ಹಿರಿಯರಿಗೆ ಆ ಸಣ್ಣ ಗುದ್ದಲಿಯನ್ನು ಕೈಗೆ ಕೊಡುವವರು ಯಾರು? ಇದರ ಮೇಲೆ, ಅಲ್ಲಿ ಸ್ಟವ್ ಹಚ್ಚುವುದಕ್ಕೂ ಕ್ಯಾಲಿಫೋರ್ನಿಯಾ ಕ್ಯಾಂಪ್‌ಫೈರ್ ಪರವಾನಗಿ ಬೇಕು. ಉಚಿತ, ಆನ್‌ಲೈನಿನಲ್ಲಿ ಸಿಗುತ್ತದೆ, ಆದರೆ ಕೈಯಲ್ಲಿ ಇರಲೇಬೇಕು. ಮೊಬೈಲ್ ಸಿಗ್ನಲ್ಲನ್ನು ನಂಬುವಂತಿಲ್ಲ. ನಾಲ್ಕು ಜನ ಅನುಭವಿಗಳಿಗೆ ಇದರಷ್ಟು ಚೆಂದದ್ದು ಬೇರೆ ಇಲ್ಲ. ಇಪ್ಪತ್ತೆರಡು ಜನರಿಗೆ ಬೇಡವೇ ಬೇಡ.

(ಆರ್‌ವಿ, ಅಂದರೆ ಒಳಗೇ ಮಲಗುವ ವಾಹನ, ಬಾಡಿಗೆಗೆ ಪಡೆಯುವ ಮಾತೂ ಬರುತ್ತದೆ. ಎರಡು ರಾತ್ರಿಗಾಗಿ ಅಷ್ಟು ದೊಡ್ಡ ವಾಹನ ಓಡಿಸುವುದನ್ನು ಬೆಟ್ಟದ ತಿರುವುಗಳಲ್ಲಿ ಕಲಿಯುವ ಧೈರ್ಯ ಇದ್ದವರಿಗೆ ನಮಸ್ಕಾರ.)

ಎತ್ತರ ನೋಡಿ, ಆಮೇಲೆ ನೋಟ

ಮಲಗುವ ವ್ಯವಸ್ಥೆಗಿಂತ ಹೆಚ್ಚು ಜನ ಎಡವುವುದು ಇಲ್ಲಿ. ಪ್ರತಿ ಸಾವಿರ ಅಡಿ ಏರಿದಂತೆ ತಾಪಮಾನ ಸುಮಾರು ಮೂರೂವರೆ ಡಿಗ್ರಿ ಫ್ಯಾರನ್‌ಹೀಟ್ ಇಳಿಯುತ್ತದೆ. ಫೋನಿನ ಹವಾಮಾನ ಆ್ಯಪ್ ಹತ್ತಿರದ ಪಟ್ಟಣದ ಅಂಕಿಯನ್ನು ತೋರಿಸುತ್ತಿದ್ದರೆ, ಪಟ್ಟಣ ಕೆಳಗಿದ್ದು ಕ್ಯಾಂಪ್ ನಾಲ್ಕು ಸಾವಿರ ಅಡಿ ಮೇಲಿದ್ದರೆ, ಹದಿನಾಲ್ಕು ಡಿಗ್ರಿ ನೀವೇ ಕಳೆಯಬೇಕು.

ಕರಾವಳಿಯನ್ನು ಮೊದಲು ನೋಡೋಣ. ಕ್ಯಾಪಿಟೋಲಾ ಬಳಿಯ ನ್ಯೂ ಬ್ರೈಟನ್, ಇನ್ನೂ ತೆಂಕಣಕ್ಕೆ ಹೋದರೆ ಫೈಫರ್ ಬಿಗ್ ಸರ್. ಬೇ ಏರಿಯಾದಿಂದ ಹತ್ತಿರ, ಕರಡಿಯ ಗೊಡವೆ ಇಲ್ಲವೆನ್ನುವಷ್ಟು ಕಡಿಮೆ, ರಾತ್ರಿ ಹೆಪ್ಪುಗಟ್ಟುವ ಚಳಿ ಇಲ್ಲ. ಆದರೆ ಬೇಸಿಗೆ ಎಂದರೆ ಇಲ್ಲಿ ಮಂಜು. ಪೆಸಿಫಿಕ್‌ನ ತಣ್ಣನೆಯ ನೀರಿನ ಮೇಲೆ ಕಟ್ಟಿಕೊಳ್ಳುವ ಮೋಡ ಜೂನ್, ಜುಲೈನಲ್ಲಿ ಮಧ್ಯಾಹ್ನದವರೆಗೂ ತೆರವಾಗದೆ ಇರುವುದುಂಟು. ಟೆಂಟು, ಟವೆಲು, ತಲೆದಿಂಬು ಎಲ್ಲ ತೇವ. ನಕ್ಷತ್ರ ನೋಡಬೇಕೆಂದು ಮಕ್ಕಳಿಗೆ ಮಾತು ಕೊಟ್ಟಿದ್ದರೆ ಕರಾವಳಿಯನ್ನು ಬಿಟ್ಟುಬಿಡಿ. ಕರಾವಳಿಗೆ ಸೆಪ್ಟೆಂಬರ್ ಒಳ್ಳೆಯ ತಿಂಗಳು, ಅಷ್ಟರಲ್ಲಿ ಶಾಲೆ ಶುರುವಾಗಿರುತ್ತದೆ ಎಂಬುದೇ ಪೇಚು. ಬಿಗ್ ಸರ್‌ಗೆ ಹೋಗುವವರು ಒಂದನೇ ಹೆದ್ದಾರಿ ತೆರೆದಿದೆಯೇ ಎಂದು ನೋಡಿಕೊಂಡೇ ಹೊರಡಬೇಕು. ಭೂಕುಸಿತದಿಂದ ಅದು ಮುಚ್ಚುವುದು ಹೊಸದಲ್ಲ.

ಕೆಂಪುಮರದ ಕಾಡು, ಅಂದರೆ ರೆಡ್‌ವುಡ್, ಮೊದಲ ಸಲದವರಿಗೆ ನನ್ನ ಮೆಚ್ಚಿನ ಜಾಗ. ಮರಿನ್ ಕೌಂಟಿಯ ಸ್ಯಾಮ್ಯುಯೆಲ್ ಪಿ. ಟೇಲರ್ ಪಾರ್ಕ್ ಇದಕ್ಕೆ ಒಳ್ಳೆಯ ಉದಾಹರಣೆ. ಎತ್ತರ ಕಡಿಮೆ, ಗಾಳಿ ಕಡಿಮೆ, ಹಗಲಿಡೀ ನೆರಳು, ಏನಾದರೂ ಮರೆತು ಬಂದರೆ ಊರು ದೂರವಿಲ್ಲ. ಸರೋವರ ಇಲ್ಲ, ಫೋಟೋದ ಬೆಟ್ಟ ಇಲ್ಲ, ಐದೂವರೆಗೇ ಮಬ್ಬುಗತ್ತಲಾದಂತೆ ತೋರುತ್ತದೆ ಎಂಬುದು ದೂರು. ಸಾಂತಾ ಕ್ರೂಜ್ ಬೆಟ್ಟಗಳ ರೆಡ್‌ವುಡ್ ಪಾರ್ಕುಗಳಲ್ಲಿ ಆಹಾರದ ಚೂರು ಒಂದೂ ನೆಲಕ್ಕೆ ಬೀಳಬಾರದೆಂದು ರೇಂಜರುಗಳು ಒತ್ತಿ ಹೇಳುತ್ತಾರೆ. ಕಾರಣ ಸ್ವಾರಸ್ಯವಾಗಿದೆ. ಮಾರ್ಬಲ್ಡ್ ಮರ್ರೆಲೆಟ್ ಎಂಬ ಕಡಲ ಹಕ್ಕಿ ಗೂಡಿಗೆ ಈ ಹಳೆಯ ಮರಗಳ ಮೇಲಿನ ಕೊಂಬೆಗಳಿಗೆ ಬರುತ್ತದೆ. ಚೂರುಪಾರು ತಿನ್ನಲು ಬರುವ ಜೇ ಹಕ್ಕಿಗಳು ಅದರ ಮೊಟ್ಟೆಯನ್ನೂ ಹುಡುಕಿ ತಿನ್ನುತ್ತವೆ. ಚುರುಮುರಿಯನ್ನು ಬಾಯಿಗಿಂತ ನೆಲಕ್ಕೇ ಹೆಚ್ಚು ಹಾಕುವ ನಮ್ಮ ಮಕ್ಕಳಿಗೆ ಈ ಕತೆ ಹೇಳಿದ ಮೇಲೆ ಅವರೇ ಹೆಕ್ಕತೊಡಗಿದರು.

ಸಿಯೆರಾ ಪರ್ವತಸಾಲಿನ ತಪ್ಪಲಿನ ಜಲಾಶಯಗಳು (ಫಾಲ್ಸಮ್, ನ್ಯೂ ಮೆಲೋನಿಸ್) ಈಜಲು, ದೋಣಿಗೆ ಚೆನ್ನ. ರಾತ್ರಿ ಬೆಚ್ಚಗಿರುತ್ತದೆ, ಸಾದಾ ಹೊದಿಕೆ ಸಾಕು. ಜುಲೈ ಹಗಲು ಮಾತ್ರ ನೂರು ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುವುದು ಸಾಮಾನ್ಯ, ಓಕ್ ಮರಗಳ ನೆರಳು ಇಪ್ಪತ್ತೆರಡು ಜನರಿಗೆ ಸಾಲದು. ಬೇಸಿಗೆಯ ಕೊನೆಗೆ ನೀರು ಇಳಿದು, ದಡದಿಂದ ನೀರಿನವರೆಗೆ ಬರಿಯ ಕೆಮ್ಮಣ್ಣು.

ಸಿಯೆರಾದ ಎತ್ತರದ ಜಾಗಗಳು ಎಲ್ಲರ ಕನಸು. ಟಾಹೋ ಸರೋವರ ಇರುವುದು 6,225 ಅಡಿಯಲ್ಲಿ. ನೀರು ಬೇಸಿಗೆಯಲ್ಲೂ ಕೊರೆಯುತ್ತದೆ, ಬಣ್ಣವನ್ನು ಮಾತ್ರ ಯಾವ ಫೋಟೋವೂ ಸರಿಯಾಗಿ ಹಿಡಿದಿಲ್ಲ. ಶುಕ್ರವಾರ ಕೆಲಸ ಮುಗಿಸಿ ಹೊರಟರೆ 80ನೇ ಹೆದ್ದಾರಿಯ ಸಾಲಿನಲ್ಲಿ ನಿಂತು, ಕತ್ತಲಲ್ಲಿ ತಲುಪಿ, ಹೆಡ್‌ಲೈಟಿನ ಬೆಳಕಿನಲ್ಲಿ ಟೆಂಟ್ ಕಟ್ಟಬೇಕು. ಗಂಡ-ಹೆಂಡಿರ ನಡುವೆ ಮಾತು ನಿಲ್ಲುವುದು ಸಾಮಾನ್ಯವಾಗಿ ಆ ಹೊತ್ತಿನಲ್ಲೇ. ಟಾಹೋ ಬೇಕೆಂದರೆ ಶುಕ್ರವಾರ ರಜೆ ಹಾಕಿ. ಇನ್ನೂ ಮೇಲೆ, ಟುವಾಲಮಿಯಂಥ ಕಡೆಗಳಲ್ಲಿ, ಹಿಮ ಕರಗಿದ ಮೇಲಿನ ಕೆಲವು ವಾರ ಸೊಳ್ಳೆಗಳ ರಾಜ್ಯ. ಆಗಸ್ಟ್ ಮಧ್ಯದ ಹೊತ್ತಿಗೆ ಅವು ತಗ್ಗುತ್ತವೆ, ಆದರೆ ಆಗ ಕಾಳ್ಗಿಚ್ಚಿನ ಹೊಗೆಯ ಕಾಲ.

ತಪ್ಪಲಿಗೂ ಈ ಎತ್ತರಕ್ಕೂ ನಡುವಿನದು ನನಗೆ ಸರಿಕಂಡದ್ದು: ನಾಲ್ಕರಿಂದ ಐದು ಸಾವಿರ ಅಡಿ. 1931ರಲ್ಲಿ ಸ್ಟೇಟ್ ಪಾರ್ಕ್ ಆದ ಕ್ಯಾಲವೆರಸ್ ಬಿಗ್ ಟ್ರೀಸ್ ಈ ಎತ್ತರದಲ್ಲಿದೆ, ದೈತ್ಯ ಸಿಕೋಯಾ ಮರಗಳಿವೆ, ಗ್ರೂಪ್ ಸೈಟೂ ಇದೆ. ಹಗಲು ಹದವಾದ ಬಿಸಿಲು, ರಾತ್ರಿ ಸ್ವೆಟರ್ ಬೇಡುವಷ್ಟು ತಂಪು. ಹಿರಿಯರು ಸಿಕೋಯಾ ತೋಪಿನ ಸಮತಟ್ಟಾದ ದಾರಿಯಲ್ಲಿ ನಿಧಾನವಾಗಿ ಸುತ್ತಿ ಬರಬಹುದು. ಅತ್ತೆಯವರು ಅಲ್ಲಿ ಒಂದು ಮರದ ಬುಡಕ್ಕೆ ಕೈಯಿಟ್ಟು ಐದು ನಿಮಿಷ ಸುಮ್ಮನೆ ನಿಂತಿದ್ದರು. ಆ ರಾತ್ರಿ ಅವರು ಮಲಗಿದ್ದು ಹತ್ತಿರದ ಊರಿನ ಬಾಡಿಗೆ ಮನೆಯಲ್ಲಿ, ಬೆಂಕಿಯ ಸುತ್ತ ಕುಳಿತದ್ದು ನಮ್ಮ ಜೊತೆಯಲ್ಲಿ. ಗುಂಪಿನ ಎಲ್ಲರೂ ಒಂದೇ ಕಡೆ ಮಲಗಬೇಕೆಂಬ ಹಟವನ್ನು ಬಿಟ್ಟದ್ದೇ ನಾವು ಮಾಡಿದ ದೊಡ್ಡ ಸುಧಾರಣೆ.

ಹಿರಿಯರ ವಿಷಯದಲ್ಲಿ ಇನ್ನೊಂದು ಲೆಕ್ಕ

ಪ್ರವಾಸಿ ವೀಸಾದಲ್ಲಿ ಬಂದ ತಂದೆ-ತಾಯಿ ಜೊತೆಗಿದ್ದರೆ ನ್ಯಾಷನಲ್ ಪಾರ್ಕೋ ಸ್ಟೇಟ್ ಪಾರ್ಕೋ ಎಂಬುದು ಈಗ ಹಣದ ಪ್ರಶ್ನೆಯೂ ಹೌದು. 2026ರ ಜನವರಿಯಿಂದ ಯೊಸೆಮಿಟಿ, ಸಿಕೋಯಾ-ಕಿಂಗ್ಸ್ ಕ್ಯಾನ್ಯನ್ ಸೇರಿದಂತೆ 11 ನ್ಯಾಷನಲ್ ಪಾರ್ಕುಗಳಲ್ಲಿ ಅಮೆರಿಕದ ನಿವಾಸಿಗಳಲ್ಲದವರಿಗೆ, ವಾರ್ಷಿಕ ಪಾಸ್ ಇಲ್ಲದಿದ್ದರೆ, ಮಾಮೂಲಿ ಪ್ರವೇಶ ಶುಲ್ಕದ ಮೇಲೆ ತಲಾ 100 ಡಾಲರ್ ಹೆಚ್ಚುವರಿ ಇದೆ. ಸ್ಟೇಟ್ ಪಾರ್ಕುಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅಪ್ಪ-ಅಮ್ಮನಿಗೆ ಯೊಸೆಮಿಟಿಯ ಎಲ್ ಕ್ಯಾಪಿಟನ್ ಬಂಡೆ ತೋರಿಸುವುದೇ ಉದ್ದೇಶವಾದರೆ ಕೊಡಬೇಕಾದದ್ದೇ. ಬೆಂಕಿಯ ಮುಂದೆ ಕುಳಿತು ಮೊಮ್ಮಕ್ಕಳಿಗೆ ಕತೆ ಹೇಳುವುದಕ್ಕೆ ಸ್ಟೇಟ್ ಪಾರ್ಕ್ ಸಾಕು. ಸ್ನಾನದ ವಿಷಯದಲ್ಲೂ ಸ್ಟೇಟ್ ಪಾರ್ಕೇ ಮೇಲು: ಅಲ್ಲಿನ ಬಹಳಷ್ಟು ಕ್ಯಾಂಪ್‌ಗ್ರೌಂಡುಗಳಲ್ಲಿ ಹಣ ಹಾಕಿದರೆ ಬಿಸಿನೀರು ಬರುತ್ತದೆ, ಯೊಸೆಮಿಟಿಯ ಕ್ಯಾಂಪ್‌ಗ್ರೌಂಡುಗಳಲ್ಲಿ ಸ್ನಾನದ ವ್ಯವಸ್ಥೆಯೇ ಇಲ್ಲ. ಸ್ನಾನ ಮಾಡದೆ ಕಾಫಿ ಕುಡಿಯದವರು ಗುಂಪಿನಲ್ಲಿದ್ದರೆ ಚರ್ಚೆ ಅಲ್ಲಿಗೇ ಮುಗಿಯಿತು.

ಅಡುಗೆ ಮತ್ತು ಹಾಸಿಗೆ

ಅಂದು ಟುವಾಲಮಿಯಲ್ಲಿ ಅನ್ನ ಬೇಯದಿದ್ದುದಕ್ಕೆ ಅಕ್ಕಿಯನ್ನು ಬೈದೆವು. ತಪ್ಪು ಅಕ್ಕಿಯದಲ್ಲ. ಆ ಎತ್ತರದಲ್ಲಿ ನೀರು ಸುಮಾರು 91 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಎಷ್ಟು ಉರಿ ಕೊಟ್ಟರೂ ಅದಕ್ಕಿಂತ ಬಿಸಿಯಾಗುವುದಿಲ್ಲ. ಬೇಳೆಯಂತೂ ಕಲ್ಲಾಗಿಯೇ ಉಳಿಯುತ್ತದೆ. ಆರು ಸಾವಿರ ಅಡಿ ದಾಟುವುದಾದರೆ ಕುಕ್ಕರ್ ಒಯ್ಯಿರಿ, ಇಲ್ಲವೇ ಬೇಯಿಸುವ ಗೋಜೇ ಬೇಡವೆಂದು ಪುಳಿಯೋಗರೆ ಗೊಜ್ಜು, ಅವಲಕ್ಕಿ, ಹುರಿದ ರವೆ, ಚಪಾತಿಗಳ ಮೇಲೆ ಸಂಸಾರ ನಡೆಸಿ. ಅಂಗಡಿಯಲ್ಲಿ ಸಿಗುವ ಎರಡು ಉರಿಯ ಸ್ಟವ್‌ನಲ್ಲಿ ಒಂದೊಂದು ಉರಿ ಸುಮಾರು 10,000 ಬಿಟಿಯು (ಶಾಖದ ಅಳತೆ) ಮಾತ್ರ. ಅದರ ಮೇಲೆ ಇಪ್ಪತ್ತೆರಡು ಜನರ ಬಿಸಿಬೇಳೆಬಾತ್ ಎಂದರೆ ಊಟದ ಹೊತ್ತಿಗೆ ಮಕ್ಕಳು ಮಲಗಿರುತ್ತಾರೆ. ಕೆಳಗಿನ ಎತ್ತರದ ಜಾಗ ಆರಿಸಿಕೊಂಡರೆ ಇದೆಲ್ಲ ಸಲೀಸು. ಬೆಂಕಿಯ ಮೇಲೆಯೇ ಅಡುಗೆ ಮಾಡುತ್ತೇವೆಂದು ಸ್ಟವ್ ಬಿಟ್ಟು ಹೋಗಬೇಡಿ, ಬೇಸಿಗೆಯಲ್ಲಿ ಬೆಂಕಿ ಹಚ್ಚುವುದಕ್ಕೆ ಯಾವಾಗ ಬೇಕಾದರೂ ನಿಷೇಧ ಬೀಳಬಹುದು. ಸೌದೆಯನ್ನು ಮನೆಯಿಂದ ಒಯ್ಯಬೇಡಿ. ಅದರೊಳಗಿನ ಹುಳುಗಳು ಹೊಸ ಕಾಡಿಗೆ ಹರಡುತ್ತವೆ. ಎಲ್ಲಿ ಸುಡುತ್ತೀರೋ ಆ ಊರಿನಲ್ಲೇ ಖರೀದಿಸಿ.

ಕರಡಿ ಇರುವ ಜಾಗವಾದರೆ ವಾಸನೆ ಬರುವುದೆಲ್ಲ ಕಬ್ಬಿಣದ ಲಾಕರಿನೊಳಗೆ ಹೋಗಬೇಕು. ಆಹಾರ ಮಾತ್ರವಲ್ಲ: ಟೂತ್‌ಪೇಸ್ಟ್, ಸೋಪು, ಕೂಸಿನ ವೈಪ್ಸ್, ಅತ್ತೆಯವರ ಕೊಬ್ಬರಿ ಎಣ್ಣೆ. ಯೊಸೆಮಿಟಿಯಲ್ಲಿ ರಾತ್ರಿ ಕಾರಿನೊಳಗೆ ಆಹಾರ ಇಡುವಂತಿಲ್ಲ, ಮುರಿದ ಕಿಟಕಿಯ ಜೊತೆಗೆ ದಂಡವೂ ಬೀಳಬಹುದು. ಅಲ್ಲಿನ ಲಾಕರ್ ಅಳತೆ 45 ಅಂಗುಲ ಅಗಲ, 33 ಅಂಗುಲ ಆಳ, 18 ಅಂಗುಲ ಎತ್ತರ. ಮನೆಯಲ್ಲೇ ಕೂಲರಿನ ಎತ್ತರ ಅಳೆಯಿರಿ. ಹದಿನೆಂಟಕ್ಕಿಂತ ಒಂದು ಅಂಗುಲ ಹೆಚ್ಚಿದ್ದರೂ ಅದು ಒಳಗೆ ಹೋಗದು.

ಹಾಸಿಗೆಯ ವಿಷಯದಲ್ಲಿ ಒಂದೇ ಮಾತು ಹೇಳುವುದಾದರೆ: ಚಳಿ ಕೆಳಗಿನಿಂದ ಬರುತ್ತದೆ. ಮನೆಯಲ್ಲಿ ನೆಂಟರಿಗೆ ಊದಿಕೊಡುವ ದಪ್ಪ ಗಾಳಿಹಾಸಿಗೆ ನೋಡಲು ಸುಖ, ಒಳಗಿನ ಗಾಳಿ ತಣ್ಣಗಾಗಿ ಬೆನ್ನನ್ನು ಕೊರೆಯುತ್ತದೆ. ಅದರ ಮೇಲೊಂದು ಫೋಮ್ ಚಾಪೆಯೋ ಕಂಬಳಿಯೋ ಬೇಕು. ಸ್ಲೀಪಿಂಗ್ ಬ್ಯಾಗಿನ ಮೇಲೆ ದೊಡ್ಡದಾಗಿ ಬರೆದ ಡಿಗ್ರಿ ಎಷ್ಟೋ ಸಲ ಹೇಗೋ ತಡೆದುಕೊಳ್ಳಬಹುದಾದ ಮಿತಿ, ಸುಖನಿದ್ರೆಯ ಮಿತಿಯಲ್ಲ. ಹತ್ತು ಡಿಗ್ರಿ ಫ್ಯಾರನ್‌ಹೀಟ್ ಸೇರಿಸಿ ಓದಿಕೊಳ್ಳಿ. ಆರು ಜನರ ಟೆಂಟ್ ಎಂದರೆ ನಾಲ್ಕು ಜನ, ಎರಡು ಚೀಲ.

ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಯೊಸೆಮಿಟಿಯಲ್ಲೂ ಸ್ಟೇಟ್ ಪಾರ್ಕುಗಳಲ್ಲೂ ಮೌನದ ಹೊತ್ತು. ಅಂತ್ಯಾಕ್ಷರಿಯನ್ನು ಎಂಟಕ್ಕೇ ಶುರು ಮಾಡಿ.

ಬುಕಿಂಗ್

ಸ್ಟೇಟ್ ಪಾರ್ಕುಗಳಿಗೆ ರಿಸರ್ವ್ ಕ್ಯಾಲಿಫೋರ್ನಿಯಾ ಜಾಲತಾಣ. ಹೋಗುವ ದಿನಕ್ಕೆ ಆರು ತಿಂಗಳ ಮೊದಲು, ಬೆಳಗ್ಗೆ ಎಂಟಕ್ಕೆ ತೆರೆಯುತ್ತದೆ. ಯೊಸೆಮಿಟಿಯ ಅಪ್ಪರ್ ಪೈನ್ಸ್‌ನಂಥ ಕ್ಯಾಂಪ್‌ಗ್ರೌಂಡುಗಳು ರಿಕ್ರಿಯೇಷನ್.ಗವ್ ಜಾಲತಾಣದಲ್ಲಿ ಐದು ತಿಂಗಳ ಮೊದಲು, 15ನೇ ತಾರೀಖು ಬೆಳಗ್ಗೆ ಏಳಕ್ಕೆ, ಒಂದು ತಿಂಗಳ ದಿನಗಳು ಒಟ್ಟಿಗೆ: ಜುಲೈ 15ರಿಂದ ಆಗಸ್ಟ್ 14ರವರೆಗಿನವು ಫೆಬ್ರವರಿ 15ಕ್ಕೆ. ಪ್ರತಿ ಮನೆಯವರೂ ತಮ್ಮ ತಮ್ಮ ಖಾತೆ ತೆರೆದು, ಹಿಂದಿನ ರಾತ್ರಿಯೇ ಲಾಗಿನ್ ಪರೀಕ್ಷಿಸಿ, ಯಾರು ಯಾವ ಸೈಟು ಒತ್ತಬೇಕೆಂದು ಬರೆದುಕೊಂಡು ಕುಳಿತರೆ ಅಕ್ಕಪಕ್ಕದ ಸೈಟು ಸಿಗುವ ಸಾಧ್ಯತೆ ಇದೆ. ‘ನೀನು ಮಾಡುತ್ತೀಯ ಎಂದುಕೊಂಡಿದ್ದೆ’ ಎಂಬ ಮಾತಿನಿಂದ ನಾವು ಒಂದು ಇಡೀ ಬೇಸಿಗೆಯನ್ನು ಕಳೆದುಕೊಂಡಿದ್ದೇವೆ.

ಮೇ ಬಂದ ಮೇಲೆ ಎಚ್ಚರವಾದವರಿಗೆ ದಾರಿ ಇಲ್ಲದಿಲ್ಲ. ಶನಿವಾರವನ್ನು ಬಿಟ್ಟು ಭಾನುವಾರದಿಂದ ಮಂಗಳವಾರದವರೆಗೆ ನೋಡಿ, ಒಳ್ಳೊಳ್ಳೆಯ ಜಾಗಗಳು ಖಾಲಿ ಇರುತ್ತವೆ. ಮೆಮೋರಿಯಲ್ ಡೇ, ಜುಲೈ 4, ಲೇಬರ್ ಡೇ ರಜೆಯ ವಾರಾಂತ್ಯಗಳ ಆಸೆ ಬಿಡಿ. ಆಗಸ್ಟ್ 12ರ ಸುಮಾರಿಗೆ ಪರ್ಸೀಡ್ ಉಲ್ಕೆಗಳು ಹೆಚ್ಚು ಬೀಳುತ್ತವೆ. ಅಮಾವಾಸ್ಯೆ ಹತ್ತಿರವಿರುವ ವರ್ಷವಾದರೆ ಆ ವಾರದ ಯಾವ ದಿನ ಸಿಕ್ಕರೂ ಹಿಡಿದುಕೊಳ್ಳಿ. ಜನರ ಯೋಜನೆಗಳು ಕೊನೆಯ ವಾರಗಳಲ್ಲಿ ಬದಲಾಗುತ್ತಲೇ ಇರುತ್ತವೆ, ರದ್ದಾದ ಸೈಟುಗಳು ಮತ್ತೆ ಪಟ್ಟಿಗೆ ಬರುತ್ತವೆ. ನಮಗೆ ಕ್ಯಾಲವೆರಸ್ ಸಿಕ್ಕಿದ್ದೂ ಹಾಗೆಯೇ, ಹೊರಡುವುದಕ್ಕೆ ಒಂಬತ್ತು ದಿನ ಮೊದಲು, ರಾತ್ರಿ ಹನ್ನೊಂದೂವರೆಗೆ, ನಿದ್ದೆ ಬಾರದೆ ಫೋನ್ ಕೆರೆಯುತ್ತಿದ್ದ ಗೆಳೆಯನೊಬ್ಬನ ಕೈಗೆ.